ಪಾಳು ಕಟ್ಟಡದ ಮಕ್ಕಳು, ಇಂಜಿನಿಯರ್ ಆಗಬೇಕಿದ್ದ ಡಾಕ್ಟರು

ಮಾಂಟೆಸ್ಸರಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಏನು? ಬೆಂಗಳೂರಿನ ಯಾವುದೋ ಲೇಔಟಿನ ಮೂಲೆಯಲ್ಲಿ ಬಣ್ಣಬಣ್ಣದ ಗೇಟು, ಗೋಡೆ ಮೇಲೆ ಕಾರ್ಟೂನು, ನಮ್ಮ ಸೆಮಿಸ್ಟರ್ ಫೀಸಿಗೇ ಸೆಡ್ಡು ಹೊಡೆಯುವ ಅಡ್ಮಿಷನ್ ಫೀಸು. ನಮ್ಮಲ್ಲಿ ಅರ್ಧ ಜನಕ್ಕೆ ಅದು ಒಬ್ಬ ಮನುಷ್ಯರ ಹೆಸರು ಅಂತಲೇ ಗೊತ್ತಿರಲಿಲ್ಲ. ಏನೋ ಎಲ್‌ಕೆಜಿ ಥರದ್ದು ಅಂದುಕೊಂಡಿದ್ದೆವು, ಅಷ್ಟೇ.

ಆ ಹೆಸರಿನ ಹೆಂಗಸು ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದದ್ದು ದುಡ್ಡಿದ್ದವರ ಮಕ್ಕಳಿಗಲ್ಲ. ಸೂರಿಲ್ಲದ ಜನ ಅರ್ಧಕ್ಕೆ ನಿಂತ ಕಟ್ಟಡಗಳೊಳಗೆ ನುಗ್ಗಿ ಬದುಕಿದ್ದ ಒಂದು ಬಡಾವಣೆಯಲ್ಲಿ, ಇಡೀ ದಿನ ಮೆಟ್ಟಿಲ ಮೇಲೆ ಅಲೆಯುತ್ತಿದ್ದ ಕೂಲಿಕಾರರ ಮಕ್ಕಳಿಗೆ. ಅದೂ ಒಂದು ರಿಯಲ್ ಎಸ್ಟೇಟ್ ಕಂಪನಿ ತನ್ನ ಮೇಂಟೆನೆನ್ಸ್ ಖರ್ಚು ಉಳಿಸಲು ಹಾಕಿದ ಲೆಕ್ಕದಿಂದ. ಇದರಲ್ಲಿ ನಮ್ಮ ಬ್ರಾಂಚಿನ ಒಬ್ಬರ ಪಾತ್ರವೂ ಇದೆ, ಮುಂದೆ ಬರುತ್ತೆ.

ಮಾರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ಹತ್ತಿರದ ಕ್ಯಾರವಾಲೆ ಎಂಬ ಊರಲ್ಲಿ. ಅಪ್ಪ ಸರ್ಕಾರಿ ನೌಕರ, ಅಮ್ಮ ಓದಿನ ಹುಚ್ಚಿದ್ದ ಹೆಂಗಸು. ಮಗಳಿಗೆ ಐದು ವರ್ಷ ಆಗುವ ಹೊತ್ತಿಗೆ ಕುಟುಂಬ ರೋಮಿಗೆ ಬಂತು. ಆ ಕಾಲದಲ್ಲಿ ಓದುವ ಹುಡುಗಿಯರು ಟೀಚರ್ ಆಗುತ್ತಿದ್ದರು. ಮಾರಿಯಾಗೆ ಅದೊಂದು ಬೇಡವಾಗಿತ್ತು. ಹುಡುಗರೇ ತುಂಬಿದ್ದ ಟೆಕ್ನಿಕಲ್ ಸ್ಕೂಲಿಗೆ ಸೇರಿದರು, ಅಲ್ಲಿಂದ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ ಹೋಗಿ ಗಣಿತ, ಭೌತಶಾಸ್ತ್ರ ಓದಿದರು. ಇಂಜಿನಿಯರ್ ಆಗಬೇಕು ಅನ್ನೋದು ಪ್ಲಾನು. ಆಮೇಲೆ ಮನಸ್ಸು ಬದಲಾಯಿಸಿ ಮೆಡಿಕಲ್ ಕಡೆ ತಿರುಗಿದರು. (ಬ್ರಾಂಚ್ ಚೇಂಜ್ ಅನ್ನೋದು ನಮ್ಮ ಕಾಲದ ರೋಗ ಅಲ್ಲ ಅಂತ ಆಯ್ತು.)

ಮೆಡಿಕಲ್ ಓದು ಸಲೀಸಾಗಿರಲಿಲ್ಲ. ಬೆತ್ತಲೆ ಶವದ ಮುಂದೆ ಗಂಡಸರ ಜೊತೆ ಹೆಣ್ಣುಮಗಳು ನಿಲ್ಲುವಂತಿಲ್ಲ. ಹಾಗಾಗಿ ಉಳಿದವರೆಲ್ಲ ಮನೆಗೆ ಹೋದ ಮೇಲೆ ಇವರು ಒಬ್ಬರೇ ಲ್ಯಾಬಿನಲ್ಲಿ ಕೂತು ಶವ ಕೊಯ್ದು ಕಲಿತರು. 1896ರಲ್ಲಿ ಡಾಕ್ಟರ್ ಆದರು. ಇಟಲಿಯ ಮೊತ್ತಮೊದಲ ಮಹಿಳಾ ಡಾಕ್ಟರ್ ಅಂತ ಎಷ್ಟೋ ಕಡೆ ಬರೀತಾರೆ. ಅದು ಸರಿಯಲ್ಲ, ಅವರಿಗಿಂತ ಮುಂಚೆಯೂ ಕೆಲವರು ಆಗಿದ್ದರು.

ಡಾಕ್ಟರ್ ಆಗಿ ಕೆಲಸಕ್ಕೆ ಹೋದದ್ದು ರೋಮ್ ವಿಶ್ವವಿದ್ಯಾಲಯದ ಮಾನಸಿಕ ಚಿಕಿತ್ಸಾಲಯಕ್ಕೆ. ಅಲ್ಲಿಂದ ಹುಚ್ಚಾಸ್ಪತ್ರೆಗಳಿಗೆ ಹೋಗಿ ಬರುವಾಗ ದೊಡ್ಡವರ ಜೊತೆಗೇ ಕೂಡಿಹಾಕಿದ್ದ ಮಕ್ಕಳನ್ನು ಕಂಡರು. ಊಟ ಆದ ಮೇಲೆ ಆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿ ಚೂರುಗಳನ್ನು ಹುಡುಕುತ್ತಿದ್ದರಂತೆ. ನೋಡಿಕೊಳ್ಳುವವರಿಗೆ ಅದು ಹೊಟ್ಟೆಬಾಕತನ. ಮಾರಿಯಾಗೆ ಬೇರೇನೋ ಕಂಡಿತು: ಆ ಖಾಲಿ ಕೋಣೆಯಲ್ಲಿ ಕೈಯಲ್ಲಿ ಹಿಡಿದು ಆಡೋಕೆ ಬೇರೆ ಒಂದು ವಸ್ತುವೂ ಇರಲಿಲ್ಲ. ಅಲ್ಲಿಂದ ಇಟಾರ್, ಸೆಗಾಂ ಎಂಬ ಫ್ರೆಂಚ್ ವೈದ್ಯರ ಬರಹಗಳನ್ನು ಹಿಡಿದು ಕೂತರು, ಕೈಯಲ್ಲಿ ಮುಟ್ಟಿ ಕಲಿಯುವ ಸಾಮಾನುಗಳನ್ನು ಮಾಡಿಸಿದರು. ಅವರ ಕೈಕೆಳಗೆ ಕಲಿತ ಕೆಲವು ಬುದ್ಧಿಮಾಂದ್ಯ ಮಕ್ಕಳು ಸಾಮಾನ್ಯ ಶಾಲೆಯ ಪರೀಕ್ಷೆಯನ್ನೇ ಪಾಸಾದರು. ಎಲ್ಲರೂ ಹೊಗಳುವಾಗ ಇವರ ತಲೆ ಕೊರೆದ ಪ್ರಶ್ನೆ ಬೇರೆ. ಇವರೇ ಇಷ್ಟು ಮಾಡಿದರೆ, ಸಾಮಾನ್ಯ ಮಕ್ಕಳನ್ನು ಶಾಲೆಗಳು ಏನು ಮಾಡಿ ಕೂರಿಸಿವೆ?

ಈ ವರ್ಷಗಳಲ್ಲೇ ಅವರ ಸ್ವಂತ ಬದುಕಿನಲ್ಲೊಂದು ಘಟನೆ ನಡೆಯಿತು. 1898ರಲ್ಲಿ ಅವರಿಗೆ ಒಂದು ಗಂಡುಮಗು ಹುಟ್ಟಿತು, ಹೆಸರು ಮಾರಿಯೊ. ತಂದೆ ಸಹೋದ್ಯೋಗಿ ಡಾಕ್ಟರ್ ಜುಸೆಪ್ಪೆ ಮಾಂಟೆಸಾನೊ. ಮದುವೆ ಆಗಿರಲಿಲ್ಲ, ಆಗಲೂ ಇಲ್ಲ. ವಿಷಯ ಹೊರಗೆ ಬಂದಿದ್ದರೆ ಹೆಣ್ಣಿನ ವೃತ್ತಿ ಅಲ್ಲಿಗೆ ಮುಗೀತಿತ್ತು. ಮಗುವನ್ನು ಹಳ್ಳಿ ಕಡೆಯ ಒಂದು ಕುಟುಂಬದಲ್ಲಿ ಬೆಳೆಯಲು ಬಿಟ್ಟರು. ಆಗಾಗ ಹೋಗಿ ನೋಡಿ ಬರುತ್ತಿದ್ದರು, ತಾಯಿ ಅಂತ ಹೇಳಿಕೊಳ್ಳದೆ. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಈಗ ಕಟ್ಟಡದ ವಿಷಯಕ್ಕೆ ಬರೋಣ. ಸಿವಿಲ್‌ನವರು ಸ್ವಲ್ಪ ಗಮನ ಕೊಡಿ.

ರೋಮ್ ಇಟಲಿಯ ರಾಜಧಾನಿ ಆದಮೇಲೆ ಅಲ್ಲಿ ಕಟ್ಟಡ ಕಟ್ಟುವ ಜ್ವರ ಬಂತು. 1884ರಿಂದ 1888ರ ಸುಮಾರಿಗೆ ಅದು ನೆತ್ತಿಗೇರಿತ್ತು. ಊರ ಗೋಡೆಯ ಹೊರಗೆ, ರೈಲ್ವೆ ಯಾರ್ಡು ಮತ್ತು ವೆರಾನೊ ಸ್ಮಶಾನದ ಪಕ್ಕದಲ್ಲಿ ಸ್ಯಾನ್ ಲೊರೆನ್ಜೊ ಅಂತ ಒಂದು ಬಡಾವಣೆ ಎದ್ದಿತು. ಸಾಲದ ಮೇಲೆ ಸಾಲ, ಐದಾರು ಮಹಡಿಯ ಬ್ಲಾಕುಗಳು, ಗಾಳಿ ಬೆಳಕಿನ ಯೋಚನೆಯೇ ಇಲ್ಲ. ಆಮೇಲೆ ಬ್ಯಾಂಕುಗಳು ಬಿದ್ದವು. ಕಂಟ್ರಾಕ್ಟರುಗಳು ಕೆಲಸ ಅಲ್ಲಲ್ಲೇ ಬಿಟ್ಟು ಓಡಿದರು. ಎಷ್ಟೋ ಕಟ್ಟಡಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ನೀರಿಲ್ಲ.

ಖಾಲಿ ಕಟ್ಟಡ ಖಾಲಿ ಉಳಿಯಲ್ಲ. ಕೆಲಸ ಹುಡುಕಿಕೊಂಡು ಹಳ್ಳಿಯಿಂದ ಬಂದವರು, ಊರೊಳಗೆ ಬಾಡಿಗೆ ಕಟ್ಟಲಾಗದವರು, ಕಳ್ಳರು, ಜೈಲಿಂದ ಬಂದವರು ಎಲ್ಲ ಅದರೊಳಗೆ ಸೇರಿಕೊಂಡರು. ಒಂದು ಫ್ಲಾಟನ್ನು ಹಿಡಿದವನು ಅದರ ಕೋಣೆಗಳನ್ನು ಬಾಡಿಗೆಗೆ ಕೊಟ್ಟ. ಕೋಣೆ ಹಿಡಿದವನು ಅದರ ಮೂಲೆಗಳನ್ನು ಬಾಡಿಗೆಗೆ ಕೊಟ್ಟ. ಒಂದೇ ಕೋಣೆಯಲ್ಲಿ ನಾಲ್ಕಾರು ಕುಟುಂಬ. ಸೂರು ಅಂತ ಒಂದಿತ್ತು, ಮನೆ ಅನ್ನೋದು ಇರಲಿಲ್ಲ.

1904ರ ಸುಮಾರಿಗೆ ರೋಮಿನ ಬೇನಿ ಸ್ಟಾಬಿಲಿ ಎಂಬ ಆಸ್ತಿ ಕಂಪನಿ ಇಲ್ಲಿನ ಬ್ಲಾಕುಗಳನ್ನು ತೆಗೆದುಕೊಂಡು ರಿಪೇರಿಗೆ ಇಳಿಯಿತು. ಅದರ ಮುಖ್ಯಸ್ಥರೇ ನಾವು ಮೊದಲು ಹೇಳಿದ ನಮ್ಮವರು: ಇಂಜಿನಿಯರ್ ಎಡೊಆರ್ಡೊ ಟಾಲಮೊ. ಅವರು ಮಾಡಿದ್ದು ಮೇಲಿಂದ ಸುಣ್ಣ ಬಳಿಯೋ ಕೆಲಸ ಅಲ್ಲ. ನಡುವಿನ ಭಾಗಗಳನ್ನು ಕೆಡವಿ ಅಂಗಳಕ್ಕೆ ಬೆಳಕು ಗಾಳಿ ತಂದರು, ದೊಡ್ಡ ಫ್ಲಾಟುಗಳನ್ನು ಒಂದು ಕುಟುಂಬಕ್ಕೆ ಸಾಲುವಷ್ಟು ಚಿಕ್ಕ ಮನೆಗಳಾಗಿ ಒಡೆದರು. ಒಳಬಾಡಿಗೆಗೆ ಜಾಗವೇ ಇಲ್ಲದ ಹಾಗೆ ಪ್ಲಾನಿನಲ್ಲೇ ಬಂದೋಬಸ್ತು. ಕುಟುಂಬಗಳು ಬಂದವು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರು, ದೊಡ್ಡ ಮಕ್ಕಳು ಶಾಲೆಗೆ ಹೋದರು. ಉಳಿದವರು ಮೂರರಿಂದ ಆರೇಳು ವರ್ಷದ ಚಿಳ್ಳೆಪಿಳ್ಳೆಗಳು. ಹೊಸ ಗೋಡೆಯ ಮೇಲೆ ಗೀಚಿದರು, ಮೆಟ್ಟಿಲು ಹಾಳು ಮಾಡಿದರು. ಇನ್ನೇನು ಮಾಡ್ತಾರೆ ಪಾಪ!

ಇಲ್ಲಿ ಟಾಲಮೊ ಹಾಕಿದ ಲೆಕ್ಕ ನೋಡಿ. ಮಕ್ಕಳು ಹಾಳು ಮಾಡಿದ್ದನ್ನು ರಿಪೇರಿ ಮಾಡೋಕೆ ಎಷ್ಟು ಖರ್ಚಾಗುತ್ತೋ, ಆ ದುಡ್ಡಲ್ಲೇ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ಕೋಣೆ ನಡೆಸಬಹುದು. ಕರುಣೆಯ ಕಾರಣ ಇರಬಹುದು, ಆದರೆ ಬ್ಯಾಲೆನ್ಸ್ ಶೀಟೂ ಒಪ್ಪಬೇಕಿತ್ತು. ಇದನ್ನು ಓದಿ ನಮ್ಮ ಬಳಗದಲ್ಲಿ ಜಗಳವೇ ಆಯಿತು. ಬಾಡಿಗೆ ವಸೂಲಿ ಕಂಪನಿಗೆ ಇಷ್ಟು ಹೊಗಳಿಕೆ ಯಾಕೆ ಅಂತ ಕೆಲವರು. ಯಾರ ದುಡ್ಡಾದರೇನು, ಮಗು ಬೀದಿಯಿಂದ ಒಳಗೆ ಬಂತಲ್ಲ ಅಂತ ಕೆಲವರು. ನಮಗೆ ಒಂದು ಮಾತಂತೂ ಒಪ್ಪಿಗೆ: ಎಸ್ಟಿಮೇಟಿನಲ್ಲಿ ಮಕ್ಕಳಿಗೂ ಒಂದು ಸಾಲು ಇರಬೇಕು ಅಂತ ಆ ಕಾಲದಲ್ಲಿ ಒಬ್ಬ ಇಂಜಿನಿಯರಿಗೆ ಹೊಳೆದದ್ದು ಸಣ್ಣ ವಿಷಯ ಅಲ್ಲ. ನಮ್ಮ ದೇಶದಲ್ಲಿ ಕಟ್ಟಡ ಕಾರ್ಮಿಕರ 1996ರ ಕಾಯ್ದೆ 50ಕ್ಕಿಂತ ಹೆಚ್ಚು ಹೆಣ್ಣಾಳುಗಳು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕು ಅಂದಿತ್ತು. ಸೈಟ್ ವಿಸಿಟ್‌ಗೆ ಹೋದಾಗ ಜಲ್ಲಿ ರಾಶಿ ಮೇಲೆ ಆಡುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ, ಆ ಕೋಣೆಯನ್ನು ಹುಡುಕಿದ್ದು ಮಾತ್ರ ನೆನಪಿಲ್ಲ.

ಟಾಲಮೊ ಕರೆದದ್ದು ಮಾರಿಯಾ ಮಾಂಟೆಸ್ಸರಿಯನ್ನು. ಆಗ ಅವರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಹೆಸರುವಾಸಿ ಡಾಕ್ಟರು. ಇಂಥವರು ಕೂಲಿಕಾರರ ಮಕ್ಕಳನ್ನು ಕಾಯೋಕೆ ಹೋಗೋದಾ ಅಂತ ಸುತ್ತಲಿನವರಿಗೆ ಆಶ್ಚರ್ಯ. 1907ರ ಜನವರಿ 6ರಂದು ಮಾರ್ಸಿ ಬೀದಿಯ 58ನೇ ನಂಬರ್ ಕಟ್ಟಡದಲ್ಲಿ ಮಕ್ಕಳ ಮನೆ ಶುರುವಾಯಿತು. ಸುಮಾರು 50 ಮಕ್ಕಳು. ಆಫೀಸಿನ ಥರದ ಮೇಜು ಕುರ್ಚಿ, ಬೀಗ ಹಾಕಿದ ಒಂದು ಬೀರು, ಟೀಚರ್ ಟ್ರೇನಿಂಗ್ ಇಲ್ಲದ ಒಬ್ಬ ಹೆಣ್ಣುಮಗಳು. ಮಕ್ಕಳು ಬೆದರಿದ್ದರು, ಅಳುತ್ತಿದ್ದರು.

ನಿಯಮಗಳನ್ನು ಗೋಡೆಗೆ ಅಂಟಿಸಿದ್ದರು. ಫೀಸ್ ಇಲ್ಲ. ಆದರೆ ಮಗುವನ್ನು ಸ್ನಾನ ಮಾಡಿಸಿ, ಶುಭ್ರ ಬಟ್ಟೆ ಹಾಕಿ ಕಳಿಸಬೇಕು. ತಾಯಿ ವಾರಕ್ಕೊಮ್ಮೆಯಾದರೂ ಬಂದು ಮಗುವಿನ ಬಗ್ಗೆ ಮಾತಾಡಬೇಕು. ಕೊಳಕಾಗಿ ಕಳಿಸಿದರೆ, ಟೀಚರಿಗೆ ಮರ್ಯಾದೆ ಕೊಡದಿದ್ದರೆ ಹೆಸರು ತೆಗೆದುಹಾಕುತ್ತಿದ್ದರು. ಕಟ್ಟುನಿಟ್ಟು ಜಾಸ್ತಿ ಆಯಿತು ಅಂತ ನಮಗೂ ಅನ್ನಿಸಿತು. ಮಗುವಿನ ಕೊಳಕಿಗೆ ಮಗುವಿಗೇ ಶಿಕ್ಷೆ ಯಾಕೆ? ಇನ್ನೊಂದು ಕಡೆ, ಟೀಚರ್ ಅದೇ ಕಟ್ಟಡದಲ್ಲಿ ವಾಸ ಇರಬೇಕು, ಅಕ್ಕಪಕ್ಕದ ಮನೆಯವಳ ಹಾಗೆ. ತಾಯಂದಿರು ಯಾವ ಹೊತ್ತಿಗಾದರೂ ಒಳಗೆ ಬಂದು ನೋಡಬಹುದು. ದಾನಿಗಳು ನಡೆಸುವ ಅನಾಥಾಲಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಶಾಲೆ ಮನೆಯೊಳಗೇ ಇದೆ, ಕಟ್ಟಡದ ಎಲ್ಲ ಕುಟುಂಬಗಳಿಗೂ ಅದು ಸೇರಿದ್ದು ಅನ್ನೋದು ಮಾರಿಯಾ ಒತ್ತಿ ಹೇಳುತ್ತಿದ್ದ ವಿಷಯ. ಅವರ ಕನಸು ಅಲ್ಲಿಗೇ ನಿಲ್ಲಲಿಲ್ಲ: ಕಾಯಿಲೆ ಬಿದ್ದವರಿಗೆ ಕಟ್ಟಡದಲ್ಲೇ ಒಂದು ಆರೈಕೆ ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ, ಅಲ್ಲಿಂದ ಮಹಡಿ ಮಹಡಿಗೆ ಊಟ ಏರಿಸುವ ಪುಟ್ಟ ಲಿಫ್ಟು!

ಆಮೇಲೆ ಆ ಕೋಣೆಯಲ್ಲಿ ಆದದ್ದನ್ನು ಅವರು ಡಾಕ್ಟರಿನ ಕಣ್ಣಲ್ಲೇ ನೋಡಿದರು. ಪ್ರತಿ ಮಗುವಿನ ಎತ್ತರ, ತೂಕ ಬರೆದಿಡುತ್ತಿದ್ದರು. ಸುಮಾರು ಮೂರು ವರ್ಷದ ಒಂದು ಹುಡುಗಿ ಮರದ ತುಂಡಿನ ತೂತುಗಳಿಗೆ ಸಿಲಿಂಡರುಗಳನ್ನು ಕೂರಿಸುತ್ತಾ ಕೂತಿದ್ದಳು. ಸುತ್ತ ಮಕ್ಕಳಿಂದ ಹಾಡಿಸಿದರು, ಕುರ್ಚಿ ಸಮೇತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರು. ಅವಳು ತಲೆ ಎತ್ತಲಿಲ್ಲ. 40ಕ್ಕೂ ಹೆಚ್ಚು ಸಲ ಮಾಡಿ, ತಾನಾಗಿ ನಿಲ್ಲಿಸಿ, ಖುಷಿಯಿಂದ ಸುತ್ತ ನೋಡಿದಳು. ಇನ್ನೊಂದು ದಿನ ಟೀಚರ್ ಬೀರುವಿನ ಬೀಗ ಹಾಕೋದು ಮರೆತರು. ಮಾರನೇ ದಿನ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡು ಕೆಲಸಕ್ಕೆ ಕೂತಿದ್ದರು. ಟೀಚರಿಗೆ ಅದು ಕಳ್ಳತನ. ಮಾರಿಯಾಗೆ ಆಯ್ಕೆ. ಬೀರು ಹೋಗಿ, ಮಕ್ಕಳ ಕೈಗೆ ಎಟುಕುವ ತಗ್ಗಿನ ತೆರೆದ ಶೆಲ್ಫುಗಳು ಬಂದವು.

ನಮಗೆ ತುಂಬಾ ಹಿಡಿಸಿದ್ದು ಮೂಗಿನ ಪ್ರಸಂಗ. ಒಂದು ದಿನ ಸ್ವಲ್ಪ ತಮಾಷೆಗೆ, ಸದ್ದಿಲ್ಲದೆ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳೋದು ಹೇಗೆ ಅಂತ ತೋರಿಸಿದರು. ಮಕ್ಕಳು ನಗಲಿಲ್ಲ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು. ಸುರಿಯುವ ಮೂಗಿಗಾಗಿ ಯಾವಾಗಲೂ ಬೈಸಿಕೊಂಡಿದ್ದ ಮಕ್ಕಳು ಅವು. ಅವಮಾನ ಮಾಡದೆ ಕಲಿಸಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ.

ಓದು ಬರಹ ಕಲಿಸಿ ಅಂತ ಬಂದು ಕೇಳಿದವರು ಓದು ಬಾರದ ತಾಯಂದಿರೇ. ಮಾರಿಯಾಗೆ ಅಷ್ಟು ಬೇಗ ಅಕ್ಷರ ಬೇಡ ಅನ್ನಿಸಿತ್ತು, ಅವರ ಒತ್ತಾಯಕ್ಕೆ ಮಣಿದರು. ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಬೆರಳಲ್ಲಿ ಸವರಲು ಕೊಟ್ಟರು. ಕೆಲವು ತಿಂಗಳಲ್ಲಿ ನಾಲ್ಕು ಐದು ವರ್ಷದ ಮಕ್ಕಳು ಸೀಮೆಸುಣ್ಣ ಹಿಡಿದು ನೆಲ, ಗೋಡೆ ಎಲ್ಲ ಕಡೆ ಬರೆಯತೊಡಗಿದರು. ಹಾಳು ಮಾಡ್ತಾರೆ ಅಂತ ಯಾರಿಗಾಗಿ ಕೋಣೆ ಮಾಡಿದ್ದರೋ ಅವರೇ ಮತ್ತೆ ಗೋಡೆ ಮೇಲೆ ಗೀಚಿದರು, ಈ ಸಲ ಪದಗಳನ್ನು.

ಸುದ್ದಿ ಹಬ್ಬಿತು. 1908ರ ಡಿಸೆಂಬರ್ 28ರಂದು ಮೆಸ್ಸಿನಾದಲ್ಲಿ ಭೀಕರ ಭೂಕಂಪ ಆಯಿತು. ಅವಶೇಷಗಳಡಿಯಿಂದ ಸಿಕ್ಕ ಸುಮಾರು 60 ಮಕ್ಕಳನ್ನು ರೋಮಿನ ಜುಸ್ಟಿ ಬೀದಿಯ ಒಂದು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ತಂದರು. ಮನೆಯಿಲ್ಲ, ತಂದೆತಾಯಿ ಇಲ್ಲ; ಮಾತಾಡುತ್ತಿರಲಿಲ್ಲ, ರಾತ್ರಿ ಚೀರಿ ಏಳುತ್ತಿದ್ದರು. ಅಲ್ಲೂ ಮಕ್ಕಳ ಮನೆ ಶುರುವಾಯಿತು. ಪುಟ್ಟ ಮೇಜು ಹಾಕಿ ಬಡಿಸೋದು, ತಟ್ಟೆ ಜೋಡಿಸೋದು, ತೋಟದಲ್ಲಿ ಓಡಾಡೋದು, ಇಂಥ ದಿನನಿತ್ಯದ ಕೆಲಸಗಳಿಂದಲೇ ಆ ಮಕ್ಕಳು ನಿಧಾನವಾಗಿ ಊಟಕ್ಕೆ, ನಿದ್ದೆಗೆ, ನಗುವಿಗೆ ಮರಳಿದರು. 1917ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗ, ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ಶ್ವೇತ ಶಿಲುಬೆ ಎಂಬ ಸಂಘಟನೆ ಕಟ್ಟಬೇಕು ಅಂತ ಮಾರಿಯಾ ಓಡಾಡಿದರು. ಅದು ಕೈಗೂಡಲಿಲ್ಲ.

ಸ್ಯಾನ್ ಲೊರೆನ್ಜೊ ಜೊತೆಗಿನ ಅವರ ನೇರ ನಂಟು ಕೆಲವೇ ವರ್ಷಗಳಲ್ಲಿ ಕಡಿಯಿತು. ಪುಸ್ತಕ, ಅಮೆರಿಕ, ತರಬೇತಿ ಕೋರ್ಸುಗಳು, ಅದೆಲ್ಲ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತೆ. ದುಡ್ಡಿದ್ದವರು ಪದ್ಧತಿಯನ್ನು ಎತ್ತಿಕೊಂಡರು. ಮುಸೊಲಿನಿ ಕೂಡ ಕೆಲವು ವರ್ಷ ಬೆಂಬಲಿಸಿದ, ಅವರೂ ಅದನ್ನು ಒಪ್ಪಿಕೊಂಡರು. ಇದು ನಮಗೆ ಇಷ್ಟವಾಗದ ಅಧ್ಯಾಯ. 1934ರ ಹೊತ್ತಿಗೆ ಅದು ಮುರಿದುಬಿತ್ತು, ಇಟಲಿಯ ಶಾಲೆಗಳು ಮುಚ್ಚಿದವು. ಬಾರ್ಸಿಲೋನಾದಲ್ಲಿದ್ದರು, 1936ರಲ್ಲಿ ಅಂತರ್ಯುದ್ಧ ಅಲ್ಲಿಂದಲೂ ಓಡಿಸಿತು. ಸೂರಿಲ್ಲದವರ ಮಕ್ಕಳಿಗೆ ಮನೆ ಮಾಡಿದವರು 65ನೇ ವಯಸ್ಸಿನಲ್ಲಿ ತಾವೇ ಸೂಟ್‌ಕೇಸ್ ಹಿಡಿದು ದೇಶದಿಂದ ದೇಶಕ್ಕೆ.

1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು, ಜೊತೆಗೆ ಮಗ. ಹೌದು, ಮಾರಿಯೊ. ಅಮ್ಮ ತೀರಿಕೊಂಡ ಸ್ವಲ್ಪ ಸಮಯಕ್ಕೆ, ಹುಡುಗನಿಗೆ ಸುಮಾರು 15 ವರ್ಷ ಆಗಿದ್ದಾಗ, ಅವನನ್ನು ತಮ್ಮ ಜೊತೆಗೆ ಕರೆತಂದಿದ್ದರು. ಆದರೂ ಜನರ ಮುಂದೆ ಅವನು ಸೋದರಳಿಯ, ಇಲ್ಲವೇ ದತ್ತುಪುತ್ರ. 1940ರಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಶತ್ರುದೇಶದವನು ಅಂತ ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟಿತು, ತಾಯಿ ಅಡ್ಯಾರಿನಲ್ಲೇ ಇರಬೇಕಾಯಿತು. ಆಗಸ್ಟ್ 31ರಂದು ಅವರ 70ನೇ ಹುಟ್ಟುಹಬ್ಬ. ಏನು ಉಡುಗೊರೆ ಕೊಡೋದು ಅಂತ ಯೋಚಿಸಿ ವೈಸರಾಯ್ ಒಂದು ತಂತಿ ಕಳಿಸಿದ: ನಿಮ್ಮ ಮಗನನ್ನು ಬಿಡುಗಡೆ ಮಾಡುತ್ತಿದ್ದೇವೆ ಎಂಬ ಅರ್ಥದ್ದು. ಹೇಳಿಕೊಳ್ಳಲಾಗದೆ 42 ವರ್ಷ ಉಳಿದಿದ್ದ ಸಂಬಂಧ ಸರ್ಕಾರಿ ಕಾಗದದ ಮೇಲೆ ಬಂತು.

ಮುಂದೆ ಅವರಿಬ್ಬರೂ ಕೊಡೈಕೆನಾಲಿನಲ್ಲಿದ್ದಾಗ, 1943ರ ಜುಲೈ 19ರಂದು, ರೈಲ್ವೆ ಯಾರ್ಡಿಗೆ ಗುರಿಯಿಟ್ಟ ಅಮೆರಿಕದ ವಿಮಾನಗಳು ಸ್ಯಾನ್ ಲೊರೆನ್ಜೊ ಮೇಲೆ ಬಾಂಬ್ ಹಾಕಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಬಡಾವಣೆಯ ಕುಟುಂಬಗಳು ಮತ್ತೊಮ್ಮೆ ಸೂರು ಕಳೆದುಕೊಂಡವು.

ಮಾರಿಯಾ ತೀರಿಕೊಂಡದ್ದು 1952ರ ಮೇ 6ರಂದು, ಹಾಲೆಂಡಿನ ನೋರ್ಡ್‌ವೈಕ್‌ನಲ್ಲಿ, 81ನೇ ವಯಸ್ಸಿನಲ್ಲಿ. ಮಾರಿಯೊ ಜೊತೆಯಲ್ಲಿದ್ದರು. ಕೆಲಸವನ್ನೆಲ್ಲ ಅವರಿಗೇ ಬಿಟ್ಟುಹೋದರು, ಅದನ್ನು ಅವರು 30 ವರ್ಷ ನಡೆಸಿಕೊಂಡು ಬಂದರು.