ಹಳ್ಳಿಗರ ಮೇಷ್ಟ್ರು ಜೂಲಿಯಸ್ ನೈರೇರೆ

ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ಸೀಮೆಯಲ್ಲಿ ಬುಟಿಯಾಮಾ ಎಂಬ ಹಳ್ಳಿಯಿದೆ. 1922ರಲ್ಲಿ ಅಲ್ಲಿನ ಜನಾಕಿ ಬುಡಕಟ್ಟಿನ ಮುಖಂಡರಿಗೆ ಐದನೆಯ ಹೆಂಡತಿಯಲ್ಲಿ ಒಂದು ಗಂಡುಮಗು ಜನಿಸಿತು. ಮಳೆಗಾಲದ ಕೂಸಾದ್ದರಿಂದ ಮಳೆದೈವದ ಹೆಸರಾದ ಕಂಬರಾಗೆ ಎಂದೇ ಕರೆದರು. ದನಕುರಿ ಕಾಯುತ್ತಿದ್ದ ಹುಡುಗ ಶಾಲೆಯ ಮುಖ ಕಂಡದ್ದು ಹನ್ನೆರಡನೆಯ ವಯಸ್ಸಿನಲ್ಲಿ. 1943ರಲ್ಲಿ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಪಡೆದು ಜೂಲಿಯಸ್ ಆದರು.

ಎಡಿನ್‌ಬರೋದಲ್ಲಿ 1952ರಲ್ಲಿ ಎಂ.ಎ. ಮುಗಿಸಿ ಬಂದವರು ಪುಗುವಿನ ಸಂತ ಫ್ರಾನ್ಸಿಸರ ಕಾಲೇಜಿನಲ್ಲಿ ಪಾಠ ಹೇಳಿದರು. ರಾಜಕೀಯಕ್ಕಾಗಿ ಆ ಕೆಲಸ ಬಿಟ್ಟರೂ ಜನ ಅವರನ್ನು ಕೊನೆಯವರೆಗೂ ಕರೆದದ್ದು ಮ್ವಾಲಿಮು, ಅಂದರೆ ಮೇಷ್ಟ್ರು ಎಂದು. 1961ರಲ್ಲಿ ಸ್ವತಂತ್ರವಾದ ಟಾಂಗನಿಕಾ 1964ರಲ್ಲಿ ಜಾಂಜಿಬಾರ್ ಜೊತೆಗೂಡಿ ಟಾಂಜಾನಿಯ ಆದಾಗ ಅವರೇ ಅದರ ರಾಷ್ಟ್ರಪತಿ.

ಬಡ ರೈತರ ಆ ದೇಶಕ್ಕೆ ಅವರು ತೋರಿದ ದಾರಿಯ ಹೆಸರು ಉಜಾಮಾ. ಸ್ವಾಹಿಲಿಯಲ್ಲಿ ಇದಕ್ಕೆ ಕುಟುಂಬದಂತೆ ಬಾಳುವುದು ಎಂಬ ಅರ್ಥ. 1967ರ ಅರುಷಾ ಘೋಷಣೆಯಲ್ಲಿ ನಾಯಕರು ಎರಡು ಸಂಬಳ ಪಡೆಯಬಾರದು, ಮನೆ ಕಟ್ಟಿ ಬಾಡಿಗೆಗೆ ಕೊಡಬಾರದು ಎಂದು ನಿಯಮ ಮಾಡಿದರು. ಮೊದಲು ತಮ್ಮವರ ಕೈಯನ್ನೇ ಕಟ್ಟಿದ ಇಂಥ ಮುಖಂಡರು ಎಲ್ಲಿಯೂ ವಿರಳ.

ದಕ್ಷಿಣದ ರುವುಮಾ ಸೀಮೆಯ ಲಿಟೋವಾದಲ್ಲಿ ಅದಕ್ಕೆ ಮುಂಚೆಯೇ ಕೆಲವು ಯುವಕರು ಸ್ವಂತ ಇಚ್ಛೆಯಿಂದ ಹಳ್ಳಿ ಕಟ್ಟಿದ್ದರು. ಜೊತೆಯಾಗಿ ಉತ್ತರು, ಬಿತ್ತರು, ಶಾಲೆ ತೆರೆದರು. ನೆರೆಯ ಹಳ್ಳಿಗಳೂ ಸೇರಿ ಸಂಘವಾಯಿತು. ಸಂಘಕ್ಕೆ ಹಿಟ್ಟಿನ ಗಿರಣಿಯೂ ಬಂತು. ಏನು ಮಾಡಬೇಕೆಂದು ತೀರ್ಮಾನಿಸುತ್ತಿದ್ದವರು ಹಳ್ಳಿಯವರೇ. ನೈರೇರೆಯವರಿಗೆ ಇದು ಅಚ್ಚುಮೆಚ್ಚು. ಆದರೆ ಹೇಳಿದಂತೆ ಕೇಳದ ಹಳ್ಳಿಗರನ್ನು ಪಕ್ಷದ ಅಧಿಕಾರಿಗಳು ಸಹಿಸಲಿಲ್ಲ. 1969ರಲ್ಲಿ ಪಕ್ಷದ ಕೇಂದ್ರ ಸಮಿತಿ ಸಂಘವನ್ನೇ ಮುಚ್ಚಿಸಿತು. ಅಧ್ಯಕ್ಷರಾಗಿದ್ದ ನೈರೇರೆಯವರು ಅದನ್ನು ತಡೆಯಲಿಲ್ಲ. ಅವರ ಜೀವನದಲ್ಲಿ ತೀರ ನೋವಿನ ಪುಟ ಇದೇ ಎಂದು ನನಗನಿಸುತ್ತದೆ.

ಮನವೊಲಿಸುವ ತಾಳ್ಮೆ ಅಲ್ಲಿಗೆ ಸೋತಿತು. 1973ರಲ್ಲಿ ಅವರೇ ಆಜ್ಞೆ ಹೊರಡಿಸಿದರು: 1976ರೊಳಗೆ ಎಲ್ಲ ರೈತರೂ ಹಳ್ಳಿಗಳಲ್ಲಿ ನೆಲೆಸಲೇಬೇಕು. ಸುಮಾರು 50 ಲಕ್ಷ ಜನ ಸ್ಥಳಾಂತರಗೊಂಡರು. ಲಾರಿಗಳಲ್ಲಿ ತುಂಬಿ ಸಾಗಿಸಿದ್ದೂ ಉಂಟು, ಮರಳಿ ಹೋಗದಂತೆ ಹಳೆಯ ಗುಡಿಸಲುಗಳಿಗೆ ಬೆಂಕಿಯಿಟ್ಟದ್ದೂ ಉಂಟು. ಹಿಂದೆ ಮನೆಗಳು ಚದುರಿದ್ದುದಕ್ಕೆ ಕಾರಣವಿತ್ತು. ಹೊಲದ ಬದಿಯಲ್ಲೇ ಇದ್ದರೆ ಹಕ್ಕಿ, ಹಂದಿಗಳಿಂದ ಪೈರು ಕಾಯಬಹುದಿತ್ತು. ರಸ್ತೆ ಬದಿಯ ಹೊಸ ಹಳ್ಳಿಗಳಿಂದ ಹೊಲ ದೂರವಾಯಿತು. ಬರಗಾಲವೂ ಸೇರಿ 1974-75ರಲ್ಲಿ ದೇಶ ಹೊರಗಿನ ಧಾನ್ಯಕ್ಕೆ ಕೈಯೊಡ್ಡಬೇಕಾಯಿತು.

ಅದೇ ಹಳ್ಳಿಗಳಿಗೆ ಶಾಲೆ, ಔಷಧಾಲಯ, ಕುಡಿಯುವ ನೀರು ಬಂದವೆಂಬುದೂ ಸುಳ್ಳಲ್ಲ. 1967ರಲ್ಲಿ ವಯಸ್ಕರಲ್ಲಿ ಶೇ. 33ರಷ್ಟಿದ್ದ ಸಾಕ್ಷರತೆ 1981ಕ್ಕೆ ಶೇ. 79ಕ್ಕೆ ಏರಿತು.

1985ರಲ್ಲಿ ತಾವಾಗಿಯೇ ಅಧಿಕಾರ ಬಿಟ್ಟು ಬುಟಿಯಾಮಾಕ್ಕೆ ಹಿಂದಿರುಗಿ ಬೇಸಾಯಕ್ಕಿಳಿದರು. ಬಲಿಪೂಜೆ ತಪ್ಪಿಸದ ಅವರು ಶುಭಸಂದೇಶಗಳನ್ನು ಸ್ವಾಹಿಲಿ ಪದ್ಯಕ್ಕೂ ತಂದರು. 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ರಕ್ತ ಕ್ಯಾನ್ಸರಿನಿಂದ ತೀರಿಕೊಂಡರು.

2005ರಿಂದ ಧರ್ಮಸಭೆ ಅವರನ್ನು ದೇವರ ಸೇವಕರೆಂದು ಕರೆಯುತ್ತಿದೆ. ಅವರ ಪುನೀತ ಪದವಿಯ ವಿಚಾರಣೆಯನ್ನು ಕೈಗೆತ್ತಿಕೊಂಡದ್ದು ಅವರ ಸ್ವಂತ ಮುಸೋಮಾ ಧರ್ಮಪ್ರಾಂತ್ಯವೇ. ಸುಟ್ಟುಹೋದ ಗುಡಿಸಲುಗಳ ಲೆಕ್ಕವೂ ಆ ವಿಚಾರಣೆಯಲ್ಲಿ ಬರಬೇಕು. ಅವರ ಸಮಾಧಿ ಬುಟಿಯಾಮಾದಲ್ಲಿ, ತಂದೆತಾಯಿಯರ ಸಮಾಧಿಗಳ ಬಳಿಯಲ್ಲಿದೆ.