ಖಡ್ಗದಿಂದ ತಂಬೂರಿಗೆ: ಮಿರಜದ ಫರೀದಸಾಹೇಬರು

ಉತ್ತರ ಕರ್ನಾಟಕದ ಹಿಂದೂಸ್ತಾನಿ ಸಂಗೀತದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಗುರುಪರಂಪರೆಗಳ ಚರಿತ್ರೆಯಾಗಿ ಬರೆದುಕೊಂಡಿದ್ದೇವೆ. ಗಾಯಕನ ಬೆನ್ನಹಿಂದೆ ನುಡಿಯುವ ತಂಬೂರಿಯನ್ನು ಮಾಡಿದ ಕೈಗೆ ಅದರಲ್ಲಿ ಸ್ಥಾನ ದೊರೆತಿಲ್ಲ. ಹತ್ತೊಂಬತ್ತನೆಯ ಶತಮಾನದ ಮಿರಜದ ಫರೀದಸಾಹೇಬ ಶಿಕಲಗಾರರ ಬದುಕನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕಾಗಿದೆ.

ಆಯುಧಗಳನ್ನು ಮಾಡುವುದು, ಅವುಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದು ಶಿಕಲಗಾರರ ಕುಲಕಸುಬು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡು, ಮಿರಜದ ಪಟವರ್ಧನರಂತಹ ಸಂಸ್ಥಾನಿಕರು ಕಂಪನಿಯ ಅಧೀನರಾದ ಮೇಲೆ ಖಡ್ಗಕ್ಕೆ ಬೇಡಿಕೆ ಕುಗ್ಗಿತು. 1857ರ ನಿಶ್ಶಸ್ತ್ರೀಕರಣ ಕಾಯಿದೆ ಹಲಗಲಿಯ ಬೇಡರನ್ನು ದಂಗೆಗೆ ದೂಡಿದ್ದನ್ನು ನಮ್ಮ ಲಾವಣಿ ನೆನಪಿಟ್ಟಿದೆ. ಅದು ಆಯುಧ ಹಿಡಿದವರ ಕಥೆ. ಆಯುಧ ಮಾಡುವವರ ಹೊಟ್ಟೆಪಾಡು ಏನಾಯಿತೆಂಬ ಪ್ರಶ್ನೆಯನ್ನು ನಮ್ಮ ಅಧ್ಯಯನಗಳು ಅಷ್ಟಾಗಿ ಕೇಳಿಕೊಂಡಿಲ್ಲ.

ಮಿರಜದ ವಾದ್ಯತಯಾರಕ ಮನೆತನಗಳ ನೆನಪಿನಂತೆ, ಶತಮಾನದ ನಡುಭಾಗದಲ್ಲಿ ಆಸ್ಥಾನಕ್ಕೆ ಬರುತ್ತಿದ್ದ ಕಲಾವಿದರ ವಾದ್ಯಗಳ ದುರಸ್ತಿಯೊಂದಿಗೆ ಫರೀದಸಾಹೇಬರ ಹೊಸ ವೃತ್ತಿ ಆರಂಭವಾಯಿತು. ದೂರದ ಉತ್ತರದಿಂದ ತರಿಸಬೇಕಾಗಿದ್ದ ಸಿತಾರ, ತಂಬೂರಿಗಳು ಸಂಸ್ಥಾನದ ಆಶ್ರಯದಲ್ಲಿ ಮಿರಜದಲ್ಲಿಯೇ ಸಿದ್ಧವಾಗತೊಡಗಿದವು. ಬುರುಡೆಗೆ ಬೇಕಾದ ದೊಡ್ಡ ಕಹಿಸೋರೆ ಪಂಢರಪುರದ ಸುತ್ತಲಿನ ಭೀಮಾತೀರದಿಂದ ಬರುತ್ತಿತ್ತು. ಇಂದಿಗೂ ಅಲ್ಲಿಂದಲೇ ಬರುತ್ತದೆ. ದಂಡಿಗೆ, ಸೋರೆ ಎಂಬ ಮಾತುಗಳು ವಚನಗಳ ಓದುಗರಿಗೆ ಹೊಸವಲ್ಲ. ಆದರೆ ಸೋರೆಯನ್ನು ಒಣಗಿಸಿ, ಕೊಯ್ದು, ದಂಡಿಗೆಗೆ ಕೂಡಿಸಿದ ಮಾತ್ರಕ್ಕೆ ತಂಬೂರಿ ಆಗುವುದಿಲ್ಲ. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ಅದರ ಮೇಲೆ ತಂತಿಯ ಅಡಿಗೆ ಎಳೆದಾರವನ್ನು ಸರಿಸಿ ನಿಲ್ಲಿಸಿದಾಗಲೇ ನಾದ ತುಂಬಿಕೊಳ್ಳುತ್ತದೆ. ಇದೇ ಜವಾರಿ. ಸ್ವಲ್ಪ ಹೆಚ್ಚು ಉಜ್ಜಿದರೂ ನಾದ ಕೆಡುತ್ತದೆ. ಕಿವಿ ಹೇಳಿದಲ್ಲಿ ಕೈ ನಿಲ್ಲಬೇಕು. ಅಲಗಿನ ಅಂಚನ್ನು ಬೆರಳಿನಿಂದಲೇ ಅಳೆಯುತ್ತಿದ್ದ ಕಸುಬುಗಾರಿಕೆ ಇಲ್ಲಿ ಫಲ ಕೊಟ್ಟಿತೆಂದು ನನಗೆ ತೋರುತ್ತದೆ. ಹಾಗಾಗಿ ಇದನ್ನು ಕೇವಲ ಆಶ್ರಯದಾತರ ಔದಾರ್ಯದ ಕಥೆಯಾಗಿ ಓದುವುದು ಸರಿಯಲ್ಲ.

ವೃತ್ತಿಯೊಂದಿಗೆ ಹೆಸರೂ ಪಲ್ಲಟಗೊಂಡಿತು. ಶಿಕಲಗಾರರು ಸತಾರಮೇಕರರಾದರು. ಆಡುಮಾತಿನ ಸತಾರಕ್ಕೆ ಇಂಗ್ಲಿಷಿನ ಮೇಕರ್ ಸೇರಿ ಆದ ಈ ಅಡ್ಡಹೆಸರಿನಲ್ಲಿ ಆ ಕಾಲದ ಮಾರುಕಟ್ಟೆಯ ಗುರುತೂ ಇದೆ. ಶತಮಾನದ ಕೊನೆಯ ಹೊತ್ತಿಗೆ ಬೆಳಗಾವಿ, ದೇಸೂರ, ಖಾನಾಪುರಗಳ ಮೂಲಕ ಲೋಂಡಾಕ್ಕೆ ಹೋಗುವ ರೈಲುಮಾರ್ಗ ಮಿರಜವನ್ನು ಕನ್ನಡ ಸೀಮೆಗೆ ಮತ್ತಷ್ಟು ಹತ್ತಿರ ತಂದಿತು. ಮುಂದೆ ಪಂಚಾಕ್ಷರ ಗವಾಯಿಗಳೂ ಮಲ್ಲಿಕಾರ್ಜುನ ಮನ್ಸೂರರೂ ಮಿರಜದ ನೀಲಕಂಠಬುವಾ ಅವರಲ್ಲಿ ಕಲಿತರು. ಅಬ್ದುಲ್ ಕರೀಮ್ ಖಾನರು ಮಿರಜದಲ್ಲಿಯೇ ನೆಲೆಸಿದರು; 1937ರಲ್ಲಿ ನಿಧನರಾದ ಅವರ ಸಮಾಧಿ ಅಲ್ಲಿನ ಮೀರಾಸಾಹೇಬ ದರ್ಗಾದಲ್ಲಿದೆ. ಇವರೆಲ್ಲರ ಹೆಸರು ನಮ್ಮ ಸಂಗೀತ ಚರಿತ್ರೆಯ ಪುಟಗಳಲ್ಲಿ ಸಹಜವಾಗಿ ಬರುತ್ತದೆ, ಫರೀದಸಾಹೇಬರದು ಬರುವುದಿಲ್ಲ.

2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಧಿಕೃತವಾಗಿ ದಾಖಲಾದದ್ದು ಊರಿನ ಹೆಸರು.