ಫಿಲ್ಮ್ ರೋಲಿನ ಜಾರ್ಜ್ ಈಸ್ಟ್‌ಮನ್

ನಿಮ್ಮ ಮನೆಯ ಬೀರುವಿನಲ್ಲಿ ಹಳೆಯ ಮದುವೆ ಆಲ್ಬಂ ಇದ್ದರೆ ತೆಗೆದು ನೋಡಿ. ಜೊತೆಗೆ ಕಂದು ಬಣ್ಣದ ನೆಗೆಟಿವ್ ಪಟ್ಟಿಗಳೂ ಸಿಗಬಹುದು. ಆ ಪಟ್ಟಿಯನ್ನು ಜನಸಾಮಾನ್ಯರ ಕೈಗೆ ತಲುಪಿಸಿದವರು ಅಮೆರಿಕದ ಜಾರ್ಜ್ ಈಸ್ಟ್‌ಮನ್.

1854ರ ಜುಲೈ 12ರಂದು ನ್ಯೂಯಾರ್ಕ್ ರಾಜ್ಯದ ವಾಟರ್‌ವಿಲ್‌ನಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮನೆಯಲ್ಲಿ ಬಾಡಿಗೆಗೆ ಜನರನ್ನಿಟ್ಟುಕೊಂಡು, ಅವರಿಗೆ ಅಡುಗೆ ಮಾಡಿ ಹಾಕಿ ಸಂಸಾರ ತೂಗಿಸಿದರು. ಹದಿನಾಲ್ಕಕ್ಕೆ ಶಾಲೆ ಬಿಟ್ಟ ಜಾರ್ಜ್ ವಿಮಾ ಕಚೇರಿಯಲ್ಲಿ ದುಡಿದು, ಮುಂದೆ ರಾಚೆಸ್ಟರ್ ನಗರದ ಬ್ಯಾಂಕಿನಲ್ಲಿ ಗುಮಾಸ್ತರಾದರು. (ವಿದ್ಯಾರ್ಥಿಗಳು ಇದನ್ನೇ ನೆಪ ಮಾಡಿಕೊಂಡು ಶಾಲೆ ಬಿಡಬಾರದು!)

ಆಗ ಫೋಟೋ ತೆಗೆಯಲು ದೊಡ್ಡ ಕ್ಯಾಮೆರಾ, ಗಾಜಿನ ಫಲಕ, ರಾಸಾಯನಿಕದ ಬಾಟಲಿ, ಡೇರೆ ಎಲ್ಲವನ್ನೂ ಹೊತ್ತೊಯ್ಯಬೇಕಿತ್ತು. ಸ್ಥಳದಲ್ಲೇ ಫಲಕಕ್ಕೆ ದ್ರಾವಣ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು ಮುಗಿಸಬೇಕು. ಈಸ್ಟ್‌ಮನ್ ಹಗಲು ಬ್ಯಾಂಕಿನಲ್ಲಿ ದುಡಿದು, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ ಮಾಡಿ, ಮೊದಲೇ ತಯಾರಿಸಿಡಬಹುದಾದ ಒಣ ಫಲಕ ಮಾಡಲು ಕಲಿತರು. 1881ರಲ್ಲಿ ಕಂಪನಿ ಆರಂಭವಾಯಿತು. ಮರುವರ್ಷ, ಮಾರಿದ ಫಲಕಗಳು ಕೆಟ್ಟವೆಂದು ತಿಳಿದಾಗ ನಷ್ಟ ಲೆಕ್ಕಿಸದೆ ಹಿಂದಕ್ಕೆ ಪಡೆದು ಬೇರೆ ಕೊಟ್ಟರು.

ಗಮನಿಸಿ, ಗಾಜಿನ ಫಲಕ ಅವರ ಅನ್ನದ ದಾರಿಯಾಗಿತ್ತು. ಆದರೂ ಅದನ್ನೇ ಮೂಲೆಗೆ ತಳ್ಳುವ ಸುರುಳಿ ಫಿಲ್ಮನ್ನು ಅವರೇ ತಂದರು. 1888ರ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ಅದರಲ್ಲಿ 100 ಚಿತ್ರ ತೆಗೆಯಬಹುದಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿ 10 ಡಾಲರ್ ಕೊಟ್ಟರೆ ಚಿತ್ರಗಳೂ ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಬರುತ್ತಿದ್ದವು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾಕ್ಕೆ ಒಂದೇ ಡಾಲರ್!

1932ರಲ್ಲಿ ಈಸ್ಟ್‌ಮನ್ ನಿಧನರಾದರು. 1975ರಲ್ಲಿ ಅವರ ಕಂಪನಿಯ ಎಂಜಿನಿಯರ್ ಸ್ಟೀವನ್ ಸಾಸನ್ ಡಿಜಿಟಲ್ ಕ್ಯಾಮೆರಾ ತಯಾರಿಸಿದರು. ಆದರೆ ಫಿಲ್ಮಿನ ಲಾಭವನ್ನು ಬಿಟ್ಟು ಹೊರಡಲು ಕಂಪನಿಗೆ ಮನಸ್ಸಾಗಲಿಲ್ಲ. ಯಜಮಾನರು ಒಮ್ಮೆ ಮಾಡಿದ್ದನ್ನು ಉತ್ತರಾಧಿಕಾರಿಗಳು ಮಾಡಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು.

ಹಾಗೆಂದು ಫಿಲ್ಮ್ ಸತ್ತಿತೇ? ಇಲ್ಲ. ಅಗಲವಾದ ಹಾಳೆಗೆ ರಾಸಾಯನಿಕ ಬಳಿಯುವ ಭಾರಿ ಯಂತ್ರಗಳು ಕೆಲವೇ ಹವ್ಯಾಸಿಗಳಿಗಾಗಿ ಓಡಲಾರವು. ಅವುಗಳ ಬಾಳಿಗೆ ಆಸರೆಯಾದದ್ದು ಸಿನಿಮಾ. 2015ರಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು ಕೊಡಾಕ್‌ನಿಂದ ಫಿಲ್ಮ್ ಕೊಳ್ಳಲು ಒಪ್ಪಂದ ಮಾಡಿಕೊಂಡವು. 2023ರ ಓಪನ್‌ಹೈಮರ್ ಚಿತ್ರಕ್ಕಾಗಿ ರಾಚೆಸ್ಟರಿನಲ್ಲಿ ಅಗಲ ಅಳತೆಯ ಕಪ್ಪುಬಿಳುಪು ಫಿಲ್ಮನ್ನು ವಿಶೇಷವಾಗಿ ತಯಾರಿಸಲಾಯಿತು.